ಪದ ಪರಿಚಯ: ಕೀಲಿಪದ

ಕೀಲಿಪದ

ರಬಕವಿ-ಬನಹಟ್ಟಿಯ ನೇಕಾರರು ಗೂಗಲ್ ಜಾಹೀರಾತು ಕೊಟ್ಟು ಸೀರೆ ಮಾರಲು ಹೊರಟರೆ ಮೊದಲು ಎದುರಾಗುವ ಮಾತಿದು. ಸಂಸ್ಕೃತದ ‘ಕೀಲ’ ಎಂದರೆ ಗೂಟ, ಮೊಳೆ. ಕನ್ನಡದ ಕೀಲು, ಹಿಂದಿಯ ಕೀಲ್, ಬೀಗದಕೈ ಎಂಬ ಅರ್ಥದ ಮರಾಠಿಯ ಕಿಲ್ಲಿ ಇದರ ಬಳಗ. ಮೈಸೂರು ಸೀಮೆಯ ಬೀಗ ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಕೀಲಿ. ಅದನ್ನು ತೆರೆಯುವುದು ಕೀಲಿಕೈ. ಇಂಗ್ಲಿಷಿನ ಕೀವರ್ಡ್‌ಗೆ ಕೀಲಿಪದ ಎನ್ನುವಾಗ ಕೀಲಿಗೆ ಈ ಕೀಲಿಕೈಯ ಅರ್ಥವೇ.

ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ಗೂಗಲ್‌ಗೆ ತಿಳಿಸುವ ಕೀಲಿಪದಕ್ಕೆ ಮೂರು ಬಗೆಯ ಹೊಂದಿಕೆ. ಬನಹಟ್ಟಿ ಸೀರೆ ಎಂದು ಹಾಗೇ ಬರೆದರೆ ಬ್ರಾಡ್: ಕಾಟನ್ ಸೀರೆ ಹುಡುಕಿದವರಿಗೂ ಕಾಣಬಹುದು. ಉದ್ಧರಣ ಚಿಹ್ನೆಯೊಳಗಿಟ್ಟರೆ ಫ್ರೇಸ್: ‘ಬನಹಟ್ಟಿ ಸೀರೆ ದರ’ ಎಂಬ ಹುಡುಕಾಟಕ್ಕೂ ಸಲ್ಲುತ್ತದೆ. ಚೌಕ ಆವರಣದೊಳಗಿಟ್ಟರೆ ಎಕ್ಸಾಕ್ಟ್: ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ. ಕ್ಲಿಕ್ಕಿಗಿಷ್ಟು ಎಂದು ಹಣ ಕಟ್ಟುವ ಸಣ್ಣ ನೇಕಾರರು ಚೌಕದಿಂದಲೇ ಶುರು ಮಾಡುವುದು ಲೇಸು.