ಜೂನ್ ತಿಂಗಳಲ್ಲಿ ಹತ್ತದ ಬಂಡೆ

ಮಗನ ಓದು ಮುಗಿದ ವರ್ಷ ನಾವಿಬ್ಬರೂ ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದವರೆಗೆ ಕಾರಿನಲ್ಲೇ ಹೋಗುವುದೆಂದು ಮಾತಾಗಿತ್ತು. ದಾರಿಯಲ್ಲಿ ಎಲ್ಲೆಲ್ಲಿ ಬಂಡೆ ಹತ್ತಬೇಕು, ಎಲ್ಲಿ ಎಷ್ಟು ದಿನ ನಿಲ್ಲಬೇಕು ಎಂದು ಅವನು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಗುರುತು ಹಾಕುತ್ತಿದ್ದ. ನನ್ನ ಹತ್ತಾಟವೆಲ್ಲ ಮೂವತ್ತು ವರ್ಷದ ಹಿಂದಿನದು. ತುರಹಳ್ಳಿ, ರಾಮನಗರ, ವರ್ಷಕ್ಕೊಮ್ಮೆ ಬಾದಾಮಿ. ಈಗ ಮಂಡಿ ಮಾತು ಕೇಳುವುದಿಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವುದು, ಕಾರು ಓಡಿಸುವುದು, ಹಳೆಯ ಕತೆ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ.

ಹಳೆಯ ಕತೆಗೆ ಮೊದಲ ನಿಲ್ದಾಣದಲ್ಲೇ ಒಬ್ಬ ಮನುಷ್ಯ ಸಿಕ್ಕ. ನಮ್ಮ ಮನೆಯಿಂದ ಎರಡು ಗಂಟೆ ದೂರದ ಶಾವಂಗಂಕ್ ಬೆಟ್ಟದ ಬಿಳಿ ಬಂಡೆಗಳನ್ನು ಹತ್ತುಗರ ಲೋಕಕ್ಕೆ ತೋರಿಸಿಕೊಟ್ಟ ಫ್ರಿಟ್ಜ್ ವೀಸ್ನರ್. 1900ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿ, ಅಲ್ಲಿನ ಮರಳುಗಲ್ಲಿನ ಕಂಬಗಳ ಮೇಲೆ ಕೈ ಪಳಗಿಸಿಕೊಂಡು, 1929ರಲ್ಲಿ ಅಮೆರಿಕಕ್ಕೆ ಬಂದವನು. 1935ರಲ್ಲಿ ದೂರದಿಂದ ಈ ಬಂಡೆಗಳ ಸಾಲು ಕಂಡಿದ್ದೇ ಹುಡುಕಿಕೊಂಡು ಬಂದ. ಎರಡು ವರ್ಷದ ಮೇಲೆ, ದೇಶದ ನಡುವಿನ ವಯೋಮಿಂಗ್ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಡೆವಿಲ್ಸ್ ಟವರ್‌ಗೂ ಹೋದ. ಮಗನ ನಕ್ಷೆಯಲ್ಲಿ ಅತಿ ದಪ್ಪ ಕೆಂಪು ಗುರುತು ಇದ್ದದ್ದೂ ಅಲ್ಲೇ.

ಬುಡದಿಂದ 867 ಅಡಿ ಎತ್ತರ, ಸುತ್ತಲೂ ಪೆನ್ಸಿಲ್ ಕಟ್ಟಿನಂತೆ ನೆಟ್ಟಗೆ ನಿಂತ ಕಲ್ಲಿನ ಕಂಬಗಳು. ಇದನ್ನು ಮೊದಲು ಹತ್ತಿದವರು ಪರ್ವತಾರೋಹಿಗಳಲ್ಲ, ಅಲ್ಲಿಯ ರೈತಾಪಿ ಜನ. ವಿಲಿಯಂ ರಾಜರ್ಸ್ ಮತ್ತು ವಿಲ್ಲರ್ಡ್ ರಿಪ್ಲಿ ಸೇರಿ ಬಂಡೆಯ ಸೀಳಿಗೆ ಮರದ ಗೂಟ ಬಡಿದು ಏಣಿ ಕಟ್ಟಿದರು. 1893ರ ಜುಲೈ 4ರಂದು, ಸಾವಿರಕ್ಕೂ ಹೆಚ್ಚು ಮಂದಿ ಜಾತ್ರೆಯ ಹಾಗೆ ನೆರೆದಿದ್ದಾಗ, ರಾಜರ್ಸ್ ಮೇಲೇರಿದ. ಎರಡು ವರ್ಷದ ನಂತರ ಅದೇ ಏಣಿಯ ಮೇಲೆ ಅವನ ಹೆಂಡತಿ ಲಿನ್ನಿಯೂ ಹತ್ತಿದಳು. ಏಣಿಯಿಲ್ಲದೆ, ಹಗ್ಗ ಮತ್ತು ಕೈಕಾಲಿನ ಬಲದಿಂದ ಹತ್ತಿದ ಮೊದಲಿಗ ವೀಸ್ನರ್, 1937ರಲ್ಲಿ. ಮರುವರ್ಷ ಜ್ಯಾಕ್ ಡುರಾನ್ಸ್ ಇನ್ನೊಂದು ದಾರಿ ಹುಡುಕಿದ. ಈ ಇಬ್ಬರೂ 1939ರಲ್ಲಿ ಕೆ2 ಶಿಖರಕ್ಕೆ ಒಂದೇ ತಂಡದಲ್ಲಿ ಹೋದರು. ಅಲ್ಲಿ ಡಡ್ಲಿ ವುಲ್ಫ್ ಮತ್ತು ಮೂವರು ಶೆರ್ಪಾಗಳು ಸತ್ತರು. ತಪ್ಪು ಯಾರದೆಂಬ ಜಗಳ ಜೀವಮಾನವಿಡೀ ನಡೆಯಿತು. ಡುರಾನ್ಸ್ ಮತ್ತೆ ಈ ಬಂಡೆಗೆ ಬಂದದ್ದು 1941ರ ಅಕ್ಟೋಬರಿನಲ್ಲಿ. ಜಾರ್ಜ್ ಹಾಪ್ಕಿನ್ಸ್ ಎಂಬಾತ ಪಂದ್ಯ ಕಟ್ಟಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇದರ ನೆತ್ತಿಗೆ ಧುಮುಕಿ, ಇಳಿಯಲಾಗದೆ ಆರು ದಿನ ಮೇಲೇ ಕೂತಿದ್ದ. ಊಟ, ಕಂಬಳಿಗಳನ್ನು ಆಕಾಶದಿಂದ ಉದುರಿಸಬೇಕಾಯಿತು. ಕೊನೆಗೆ ಹತ್ತಿ ಹೋಗಿ ಇಳಿಸಿಕೊಂಡು ಬಂದ ತಂಡದ ಮುಂದಾಳು ಡುರಾನ್ಸ್.

ಇಷ್ಟೆಲ್ಲ ಕೇಳಿ ಮಗ ಹಿಗ್ಗುತ್ತಾನೆ ಅಂದುಕೊಂಡಿದ್ದೆ. ಅವನು ನಕ್ಷೆ ಮಡಿಸಿಟ್ಟು, "ಅಪ್ಪಾ, ನಾವು ಅಲ್ಲಿಗೆ ಹೋಗೋದು ಜೂನ್‌ನಲ್ಲಿ. ಜೂನ್‌ನಲ್ಲಿ ಹತ್ತಬಾರದು," ಅಂದ.

ಆ ಬಂಡೆಗೆ ಸೈತಾನನ ಹೆಸರು ಬಿದ್ದದ್ದು 1875ರಲ್ಲಿ, ಕರ್ನಲ್ ಡಾಡ್ಜ್‌ನ ಸೇನಾ ತಂಡ ಬಂದುಹೋದ ಮೇಲೆ. ಲಕೋಟಾ ಜನರಿಗೆ ಅದು ಮಾತೋ ತಿಪಿಲಾ, ಕರಡಿಯ ಮನೆ. ಕಿಯೋವಾ ಜನರ ಕತೆಯಲ್ಲಿ ಕರಡಿಯಿಂದ ತಪ್ಪಿಸಿಕೊಂಡು ಓಡಿದ ಏಳು ಹುಡುಗಿಯರು ಮುಗಿಲಿಗೇರಿ ನಕ್ಷತ್ರಗಳಾದರು, ನಾವು ಸಪ್ತರ್ಷಿ ಮಂಡಲ ಅನ್ನುತ್ತೇವಲ್ಲ, ಅವು. ಕಂಬಗಳ ನಡುವಿನ ಗೀರುಗಳು ಆ ಕರಡಿಯ ಉಗುರಿನವು. 1906ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಇದನ್ನು ದೇಶದ ಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ, ಆ ಮನೆಯವರನ್ನು ಯಾರೂ ಕೇಳಿರಲಿಲ್ಲ. ಜೂನ್ ಅವರ ಪೂಜೆ, ವ್ರತಗಳ ತಿಂಗಳು. 1995ರಿಂದ ಉದ್ಯಾನದವರು ಆ ತಿಂಗಳು ದಯವಿಟ್ಟು ಹತ್ತಬೇಡಿ ಎಂದು ಕೇಳಿಕೊಳ್ಳುತ್ತಿದ್ದಾರೆ.

ನಾನು ವಾದಕ್ಕೆ ಬಿದ್ದೆ. ಕೇಳಿಕೊಂಡಿದ್ದಾರೆಯೇ ಹೊರತು ನಿಷೇಧವಿಲ್ಲ. ಜೂನ್‌ನಲ್ಲಿ ಹಣ ಪಡೆದು ಹತ್ತಿಸುವ ಗೈಡುಗಳಿಗೆ ಪರವಾನಗಿ ಇಲ್ಲ ಅಂದದ್ದನ್ನು 1996ರಲ್ಲಿ ನ್ಯಾಯಾಲಯವೇ ತಡೆಯಿತು, ಉಳಿದದ್ದು ಬರೀ ವಿನಂತಿ. ವೀಸ್ನರ್ ಹತ್ತಿದ್ದೂ ಜೂನ್ 28ರಂದೇ. ದಿನಾಂಕ ಮುಂದೆ ಹಾಕೋಣವೆಂದರೆ ಜುಲೈ ಮೊದಲ ವಾರ ಅವನು ಕೆಲಸಕ್ಕೆ ಸೇರಬೇಕು. ಜೂನ್ ತಪ್ಪಿದರೆ ಬಂಡೆಯೇ ತಪ್ಪಿದ ಹಾಗೆ. ನಿಜ ಹೇಳಬೇಕೆಂದರೆ, ಅವನಿಗಿಂತ ಆಸೆ ನನಗೇ ಹೆಚ್ಚಿತ್ತು.

"ರಾಮನಗರದ ಅಜ್ಜಿಗೂ ನೀನು ಹೀಗೇ ಹೇಳಿದ್ದಲ್ವಾ?" ಅಂದ.

ಆ ಕತೆಯನ್ನು ಅವನಿಗೆ ಎಷ್ಟೋ ಸಲ ತಮಾಷೆಯಾಗಿ ಹೇಳಿದ್ದೆ. ಮೇಕೆ ಕಾಯುತ್ತಿದ್ದ ಅಜ್ಜಿ ಕೆಳಗೆ ನಿಂತು, "ಅದು ನಮ್ಮ ದ್ಯಾವ್ರ ಗುಂಡು ಕಣಪ್ಪಾ, ಕಾಲಿಡಬ್ಯಾಡ್ರಿ" ಅಂದಿದ್ದಳು. ನಾವು ನಾಲ್ಕು ಜನ ಕಾಲೇಜು ಹುಡುಗರು. "ಏನೂ ಒಡೆಯಲ್ಲ ಅಜ್ಜಿ, ಹತ್ತಿ ಇಳೀತೀವಿ ಅಷ್ಟೇ," ಅಂದು ಹತ್ತಿಯೇ ಹತ್ತಿದೆವು. ಇಳಿದು ಬಂದಾಗ ಅಜ್ಜಿ ಇರಲಿಲ್ಲ. ಬಂಡೆಯ ಬುಡದಲ್ಲಿ ನಮ್ಮ ಚೀಲಗಳ ಪಕ್ಕ ಒಂದು ಊದುಬತ್ತಿ ಉರಿಯುತ್ತಿತ್ತು. ಮಗನಿಗೆ ಕತೆ ಹೇಳುವಾಗ ಈ ಊದುಬತ್ತಿಯನ್ನು ನಾನು ಯಾವಾಗಲೂ ಬಿಟ್ಟುಬಿಡುತ್ತಿದ್ದೆ. ಅಂದು ರಾತ್ರಿ ಹೇಳಿದೆ.

ಡೆವಿಲ್ಸ್ ಟವರ್ ನಕ್ಷೆಯಲ್ಲಿ ಉಳಿಯಿತು, ಹತ್ತುವ ಪಟ್ಟಿಯಿಂದ ಹೋಯಿತು. ಅಲ್ಲಿ ಉಳಿದ ದಿನಗಳನ್ನು ಐಡಾಹೋದ ಸಿಟಿ ಆಫ್ ರಾಕ್ಸ್‌ಗೆ ಕೊಟ್ಟೆವು. ಕ್ಯಾಲಿಫೋರ್ನಿಯಾಕ್ಕೆ ಎತ್ತಿನ ಗಾಡಿಗಳಲ್ಲಿ ಹೊರಟ ವಲಸಿಗರು ಅಲ್ಲಿ ತಂಗಿ, ಅಚ್ಚಿಗೆ ಹಚ್ಚುವ ಕೀಲೆಣ್ಣೆಯಿಂದ ಬಂಡೆಗಳ ಮೇಲೆ ಬರೆದ ಹೆಸರುಗಳು ಇನ್ನೂ ಇವೆ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನವಿರುವ ಬಂಡೆ ನೋಡಿದವನಿಗೆ ಅದೇನೂ ಹೊಸದಲ್ಲ.

ಜೂನ್ ಎರಡನೇ ವಾರ ಬೆಲ್ ಫೂಷ್ ನದಿಯ ದಂಡೆಯಲ್ಲಿ ಟೆಂಟು ಹಾಕಿದೆವು. ಬೆಳಿಗ್ಗೆ ಬಂಡೆಯ ಸುತ್ತಲಿನ ಕಾಲುದಾರಿಯಲ್ಲಿ ನಡೆದೆವು. ಪೈನ್ ಮರಗಳ ಕೊಂಬೆಗಳಿಗೆ ಹರಕೆಯ ಬಣ್ಣದ ಬಟ್ಟೆ ಕಟ್ಟಿದ್ದರು. ಮೇಲೆ, ಕಂಬಗಳ ನಡುವೆ, ಇಬ್ಬರು ಹತ್ತುತ್ತಿದ್ದರು. ಕತ್ತು ನೋಯುವವರೆಗೂ ನೋಡಿದೆ. ಯಾವ ಸೀಳು ಹಿಡಿದಿದ್ದಾರೆಂದು ಮಗನಿಗೆ ಬೆರಳು ಮಾಡಿ ತೋರಿಸಲೂ ಹೊರಟಿದ್ದೆ. ಅವನು ಆಗಲೇ ಮುಂದೆ ಹೋಗಿದ್ದ. ಹಗ್ಗಗಳು ಕಾರಿನ ಡಿಕ್ಕಿಯಲ್ಲೇ ಇದ್ದವು. ಮಧ್ಯಾಹ್ನದ ಹೊತ್ತಿಗೆ ಐಡಾಹೋ ಕಡೆ ಹೊರಟೆವು.