ಮಚ್ಚಿನ ಬಾಯಿಗೆ ಉಕ್ಕು



ಮುಂಗಾರು ಬರುವ ಹೊತ್ತಾಯಿತು. ಬೇಲಿ ಸವರಬೇಕು, ಗೊಬ್ಬರಕ್ಕೆ ಸೊಪ್ಪು ಕಡಿಯಬೇಕು. ಹೋದ ವರ್ಷ ಇದೇ ದಿನಗಳಲ್ಲಿ ನಾನು ಒಂದು ಹಳ್ಳಿಗೆ ಹೋಗಿದ್ದೆ. ಹುಡುಗನೊಬ್ಬ ಹೊಂಗೆ ಕೊಂಬೆ ಕಡಿಯುತ್ತಿದ್ದ. ಕೈಯಲ್ಲಿ ಸಂತೆಯಿಂದ ತಂದ ಹೊಸ ಮಚ್ಚು, ಕನ್ನಡಿ ಹಾಗೆ ಹೊಳೀತಿತ್ತು. ನಾಲ್ಕನೇ ಏಟಿಗೆ ಅಲಗು ಹಿಡಿಯಿಂದ ಕಳಚಿ ಹಾರಿ ಅವನ ಕಾಲ ಬಳಿ ಬಿತ್ತು. ಗೇಣು ಈಚೆ ಬಿದ್ದಿದ್ದರೆ ಪಾದಕ್ಕೇ ಪೆಟ್ಟು. ಎತ್ತಿ ನೋಡಿದೆ: ಹಿಡಿಯೊಳಗೆ ಇದ್ದ ಬಾಲ ಎರಡೇ ಅಂಗುಲ! ಹುಡುಗನ ಅಜ್ಜ, "ಅಟ್ಟದ ಮೇಲೆ ನಮ್ಮಪ್ಪನ ಮಚ್ಚು ಐತೆ, ತಗೊಂಬಾ ಮಗಾ" ಅಂದರು. ಕರಿ ಹಿಡಿದ ಹಳೇ ಮಚ್ಚು. ಸಾಣೆಕಲ್ಲಿಗೆ ಹತ್ತು ನಿಮಿಷ ತಿಕ್ಕಿದ್ದೇ ತಡ, ಕೊಂಬೆಗಳು ಒಂದೊಂದೇ ಏಟಿಗೆ ಉರುಳಿದವು.

ಆ ಮಚ್ಚಿನಲ್ಲಿ ಏನಿತ್ತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿ ಸರಕಾರದವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಮೈಸೂರು ಸೀಮೆಯ ಬೇಸಾಯ, ಕಸುಬುಗಳನ್ನು ನೋಡಿ ಬರೆಯಲು ಕಳಿಸಿದರು. ಅವರು 1800-01ರಲ್ಲಿ ಊರೂರು ಸುತ್ತಿ ಬರೆದದ್ದು 1807ರಲ್ಲಿ ಅಚ್ಚಾಯಿತು. ಮಾಗಡಿ, ಮಧುಗಿರಿ ಕಡೆಯ ಕುಲುಮೆಗಳ ವಿಚಾರ ಅದರಲ್ಲಿ ಬರುತ್ತದೆ. ಮಳೆನೀರಿನಲ್ಲಿ ಹಳ್ಳಕ್ಕೆ ಹರಿದು ಬಂದ ಕರಿಮರಳನ್ನು ತೊಳೆದು, ಇದ್ದಿಲಿನಲ್ಲಿ ಕಾಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಮಣ್ಣಿನ ಪುಟ್ಟ ಮೂಸೆಗೆ ಹಾಕಿ, ಜೊತೆಗೆ ತಂಗಡಿ ಕಡ್ಡಿ ಇಟ್ಟು, ಬಾಯಿ ಮುಚ್ಚಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ನಮ್ಮ ಬದುವಿನ ಮೇಲೆ ಹಳದಿ ಹೂ ಬಿಡುತ್ತದಲ್ಲ, ಅದೇ ತಂಗಡಿ! ಅದರ ಇದ್ದಿಲಿನ ಅಂಶ, ಅಂದರೆ ಇಂಗಾಲ, ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ನೂರು ಪಾಲಿಗೆ ಒಂದು, ಒಂದೂವರೆ ಪಾಲು ಇಂಗಾಲ ಸೇರಿದರೆ ಸಾಕು, ಮೆತ್ತನೆಯ ಕಬ್ಬಿಣದ ಗುಣವೇ ಬೇರೆಯಾಗುತ್ತದೆ. ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ವಾದ್ಯಗಳಿಗೆ ತಂತಿ ಎಳೆಯುತ್ತಿದ್ದುದನ್ನೂ ಬುಕಾನನ್ ಬರೆದಿದ್ದಾರೆ.

ಇಂಗ್ಲಿಷರು ಈ ಉಕ್ಕನ್ನು "ವೂಟ್ಸ್" ಎಂದು ಕರೆದರು. ಅದು ನಮ್ಮ "ಉಕ್ಕು" ಶಬ್ದವೇ ಕೆಟ್ಟು ಆದದ್ದು ಎಂದು ಅನೇಕ ಪಂಡಿತರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಲಂಡನ್ನಿನಲ್ಲಿ ಇದರ ಮೇಲೆ ಪ್ರಬಂಧ ಓದಿದರು. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಫ್ಯಾರಡೆಯವರೂ ಸುಮಾರು 1820ರಲ್ಲಿ ಇದನ್ನು ಪರೀಕ್ಷಿಸಿದರು. ಅಲ್ಲಿಯ ಕಮ್ಮಾರರು ತಮ್ಮ ವಾಡಿಕೆಯಂತೆ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಪುಡಿಯಾಗುತ್ತಿತ್ತಂತೆ. ಕೆಂಪಗೆ ಕಾದಾಗಲೇ ಬಡಿಯಬೇಕು. ಅದು ನಮ್ಮವರ ಕಣ್ಣಿಗೆ ಗೊತ್ತಿತ್ತು.

ಆದರೆ ಉಕ್ಕು ದುಬಾರಿ. ರೈತನಿಗೆ ಪೂರಾ ಉಕ್ಕಿನ ಮಚ್ಚು ಎಲ್ಲಿಂದ ಬರಬೇಕು? ಅದಕ್ಕೇ ಊರ ಕಮ್ಮಾರ ಕಬ್ಬಿಣದ ಮೈಗೆ ಬಾಯಿಯಲ್ಲಿ ಮಾತ್ರ ಉಕ್ಕಿನ ಪಟ್ಟಿ ಬೆಸೆಯುತ್ತಿದ್ದ. "ಕೊಡಲಿಗೆ ಉಕ್ಕು ಹಾಕಿಸ್ಕೊಂಡು ಬಾ" ಅನ್ನುವ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ಮೆತ್ತನೆಯ ಮೈ ಏಟು ತಡೆಯುತ್ತದೆ, ಗಟ್ಟಿ ಬಾಯಿ ಕಡಿಯುತ್ತದೆ. ಬಡತನದಿಂದ ಹುಟ್ಟಿದ ಉಪಾಯ, ಆದರೆ ಬಹಳ ಜಾಣ ಉಪಾಯ. ಕಮ್ಮಾರನೂ ಊರಿನ ಆಯಗಾರ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಒಯ್ಯುವವನು. ಈ ವರ್ಷ ಕೆಟ್ಟ ಮಚ್ಚು ಕೊಟ್ಟರೆ ಮುಂದಿನ ಕಣದಲ್ಲಿ ಮುಖ ತೋರಿಸಬೇಕಲ್ಲ!

ಮುಂದೆ ಹಡಗಿನಲ್ಲಿ ಸೀಮೆ ಕಬ್ಬಿಣ ಅಗ್ಗವಾಗಿ ಬಂತು. 1856ರಲ್ಲಿ ಬೆಸೆಮರ್ ಕಂಡುಹಿಡಿದ ಕ್ರಮದಿಂದ ಉಕ್ಕೂ ಅಗ್ಗವಾಯಿತು. ಇದ್ದಿಲಿಗೆ ಕಾಡಿನ ಕಟ್ಟಳೆ ಅಡ್ಡ ಬಂತು. ಮೂಸೆಯ ಕುಲುಮೆಗಳು ಆರಿಹೋದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಇದ್ದಿಲಿನಿಂದಲೇ ಕಬ್ಬಿಣ ತೆಗೆಯಲು ಶುರುಮಾಡಿತು. ಆದರೆ ಅದು ದೊಡ್ಡ ಕುಲುಮೆಯ ಬೇರೆಯೇ ಕಥೆ.

ಈಗ ಕಮ್ಮಾರರು ಹೆಚ್ಚಾಗಿ ಹಳೇ ಲಾರಿಯ ಪಟ್ಟಿಯಿಂದ ಮಚ್ಚು ಮಾಡುತ್ತಾರೆ. ಅದರಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಇಂಗಾಲ ಇರುತ್ತದೆ. ನಮ್ಮ ಕೆಲಸಕ್ಕೆ ಧಾರಾಳವಾಯಿತು. ಕೊಳ್ಳುವಾಗ ಹೊಳಪು ನೋಡಬೇಡಿ. ಬಾಯಿಯ ಮೇಲೆ ಅರ ಆಡಿಸಿ: ಬೆಣ್ಣೆಗೆ ಹತ್ತಿದ ಹಾಗೆ ಹತ್ತಿದರೆ ಮೆತ್ತಗಿದೆ, ಬಿಡಿ. ಪೂರಾ ಜಾರಿದರೆ ಗಾಜಿನಂತೆ ಗಟ್ಟಿ, ಗಂಟಿಗೆ ಬಡಿದಾಗ ಬಾಯಿ ಮುರಿಯುತ್ತದೆ. ಸ್ವಲ್ಪ ಕಷ್ಟಪಟ್ಟು ಹತ್ತಬೇಕು. ಬಾಲ ಹಿಡಿಯ ಆಚೆ ತುದಿಯವರೆಗೂ ಹಾದು, ಅಲ್ಲಿ ಮಡಿಚಿ ಬಡಿದಿರಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಲಿ. ಒದ್ದೆ ಕೈಯಲ್ಲಿ ಹಿಡಿದು ನೋಡಿ, ಮಳೆಗಾಲದ ಕೆಲಸ ಒಣ ಕೈಯದಲ್ಲ.

ಇನ್ನೊಂದು ಮಾತು. ಕರೆಂಟಿನ ಸಾಣೆ ಚಕ್ರಕ್ಕೆ ನೀರಿಲ್ಲದೆ ಒತ್ತಿ ಹಿಡಿಯಬೇಡಿ. ಬಾಯಿಯಲ್ಲಿ ನೀಲಿ ಬಣ್ಣ ಕಂಡಿತೆಂದರೆ ಹದ ಹೋಯಿತು ಎಂದೇ ತಿಳಿಯಿರಿ. ಆಮೇಲೆ ಎಷ್ಟು ಮಸೆದರೂ ಸಂಜೆಯೊಳಗೆ ಮೊಂಡು. ಮತ್ತೆ ಕುಲುಮೆಗೇ ಒಯ್ದು ಹದ ಹಾಕಿಸಬೇಕು. ಆ ಅಜ್ಜನ ಊರಿನಲ್ಲಿ ಕುಲುಮೆ ಮುಚ್ಚಿದೆ. ಹದ ಹಾಕಿಸಲು ಅವರು ಮೂರು ಹರದಾರಿ ದೂರದ ಸಂತೆಗೆ ಹೋಗುತ್ತಾರೆ.