ಅರ್ಜಿ ಹಾಕದವರ ಪಾಲು

ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳ ಟೆಂಡರ್ ಪ್ರಕಟಣೆಗಳಿರುತ್ತವಲ್ಲ, ಅವನ್ನು ನಾವು ಹೆಂಗಸರು ಸಾಮಾನ್ಯವಾಗಿ ಓದುವುದಿಲ್ಲ. ಸಿಮೆಂಟು, ಜಲ್ಲಿ, ರಸ್ತೆಯೆಂದರೆ ಗಂಡಸರ ವ್ಯವಹಾರ ಎಂದುಕೊಂಡು ಪುಟ ತಿರುವುತ್ತೇವೆ. ಆದರೆ ಆಸ್ಪತ್ರೆಯ ಕ್ಯಾಂಟೀನು, ಹಾಸ್ಟೆಲಿನ ಊಟ, ಸಮವಸ್ತ್ರದ ಹೊಲಿಗೆ ಇವೂ ಹಂಚಿಹೋಗುವುದು ಟೆಂಡರಿನ ಮೂಲಕವೇ. ಈ ಸ್ಪರ್ಧೆಯ ನಿಯಮಗಳ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು ಬಂದದ್ದೂ ಒಂದು ಉಪಾಹಾರ ಗೃಹದಿಂದ.

1977ರ ಜನವರಿ. ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಎರಡನೇ ದರ್ಜೆಯ ಒಂದು ರೆಸ್ಟೊರೆಂಟನ್ನೂ ಎರಡು ತಿಂಡಿ ಅಂಗಡಿಗಳನ್ನೂ ಮೂರು ವರ್ಷ ನಡೆಸಲು ಟೆಂಡರ್ ಕರೆದರು. ಕನಿಷ್ಠ 5 ವರ್ಷ ಅನುಭವವಿರುವ, ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರು ಮಾತ್ರ ಬರಬೇಕೆಂಬುದು ಷರತ್ತು. ತಿಂಗಳಿಗೆ 6,666 ರೂಪಾಯಿ 66 ಪೈಸೆ ಕೊಡುತ್ತೇವೆಂದು ಎಲ್ಲರಿಗಿಂತ ಹೆಚ್ಚು ಕೂಗಿದವರಿಗೆ ಗುತ್ತಿಗೆ ದಕ್ಕಿತು. ಅವರು ಕ್ಯಾಂಟೀನು ನಡೆಸಿ ಪಳಗಿದವರೇ. ಆದರೆ ಎರಡನೇ ದರ್ಜೆಯ ಹೋಟೆಲು ನಡೆಸಿದ ಅನುಭವ ಅವರಿಗಿರಲಿಲ್ಲ.

ಹಣವೂ ಹೆಚ್ಚು ಬಂತು, ಕೆಲಸ ಬಲ್ಲವರೇ ಬಂದರು, ಇದರಲ್ಲೇನು ತಪ್ಪು ಎಂದು ನೀವು ಕೇಳಬಹುದು. ರಮಣ ದಯಾರಾಮ ಶೆಟ್ಟಿ ಎಂಬವರು ಕೋರ್ಟಿಗೆ ಹೋದರು. ಅವರು ಟೆಂಡರ್ ಹಾಕಿದವರೇ ಅಲ್ಲ! ಷರತ್ತು ಸಡಿಲವಾಗುತ್ತದೆಂದು ಗೊತ್ತಿದ್ದರೆ ತಾನೂ ಹಾಕುತ್ತಿದ್ದೆ ಎಂಬುದು ಅವರ ವಾದ. 1979ರ ಮೇ 4ರಂದು ಬಂದ ಸುಪ್ರೀಂ ಕೋರ್ಟಿನ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿ. ಸರ್ಕಾರ ತಾನು ಎಳೆದ ಗೆರೆಯನ್ನು ತಾನೇ ದಾಟಬಾರದು, ದಾಟಿದರೆ ಆ ಗೆರೆಯನ್ನು ನಂಬಿ ಹೊರಗುಳಿದವರಿಗೆ ಸಮಾನ ಅವಕಾಶ ತಪ್ಪುತ್ತದೆ ಎಂಬುದು ಅದರ ಸಾರ. ಹಾಗಿದ್ದೂ ಗುತ್ತಿಗೆ ರದ್ದಾಗಲಿಲ್ಲ. ಅರ್ಜಿ ಬರುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು, ಗುತ್ತಿಗೆದಾರರು ಆಗಲೇ ಸಾಕಷ್ಟು ಖರ್ಚು ಮಾಡಿಕೊಂಡಿದ್ದರು.

ನನ್ನ ಮನಸ್ಸಿಗೆ ನಾಟಿದ್ದು ಅರ್ಜಿ ಹಾಕದವರ ಬಗೆಗಿನ ಆ ಕಾಳಜಿ. ಸೋತವರ ಹೆಸರಾದರೂ ಕಡತದಲ್ಲಿರುತ್ತದೆ. ಷರತ್ತು ಓದಿಯೇ ಕೈಬಿಟ್ಟವರ ಲೆಕ್ಕ ಎಲ್ಲಿಯೂ ಇರುವುದಿಲ್ಲ. ಇಪ್ಪತ್ತು ವರ್ಷ ಮೆಸ್ ನಡೆಸಿದ ಹೆಂಗಸಿನ ಕೈಯಲ್ಲಿ ರುಚಿಯಿದೆ, ಊರಿನವರ ನಂಬಿಕೆಯಿದೆ. ಆದರೆ ಅನುಭವದ ಪ್ರಮಾಣಪತ್ರವಿಲ್ಲ, ಠೇವಣಿಗೆ ಗಂಟಿಲ್ಲ.

ನಿಯಮ ಬರೆದಂತೆಯೇ ನಡೆದರೆ ಸಾಕೇ? ಕರ್ನಾಟಕ 1999ರಲ್ಲಿ ಸಾರ್ವಜನಿಕ ಸಂಗ್ರಹಣೆಗೆ ಪಾರದರ್ಶಕತೆಯ ಕಾಯಿದೆಯನ್ನೇ ಮಾಡಿತು. ಬಾಗಿಲು ಎಲ್ಲರಿಗೂ ಕಾಣಬೇಕು, ನಿಜ. ಆದರೆ ಹೊಸ್ತಿಲು ಎಷ್ಟು ಎತ್ತರ ಎಂಬ ಪ್ರಶ್ನೆ ಬೇರೆಯೇ. 2004ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು, ಅಂಗನವಾಡಿಯ ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡ, ಸ್ವಸಹಾಯ ಗುಂಪುಗಳು, ಮಹಿಳಾ ಮಂಡಲಗಳ ನೆರವು ಪಡೆಯಿರಿ ಎಂದಿತು. 2012ರ ಕೇಂದ್ರದ ಖರೀದಿ ನೀತಿ ಸಣ್ಣ ಉದ್ದಿಮೆಗಳಿಗೆ ಮುಂಗಡ ಠೇವಣಿಯಿಂದ ವಿನಾಯಿತಿ ಕೊಟ್ಟಿತು. 2018ರಲ್ಲಿ ಅವರಿಂದ ಮಾಡಬೇಕಾದ ಖರೀದಿಯ ಪಾಲು ಶೇಕಡ 25ಕ್ಕೆ ಏರಿತು. ಅದರೊಳಗೆ ಶೇಕಡ 3 ಹೆಂಗಸರ ಉದ್ದಿಮೆಗಳಿಗೆ.

ಮೂರು ಎಂಬುದು ದೊಡ್ಡ ಅಂಕಿಯಲ್ಲ. ಆದರೂ ಅದನ್ನು ಕೇಳಿ ಪಡೆಯಲು ಮೊದಲು ಆ ಸಣ್ಣ ಅಕ್ಷರಗಳನ್ನು ಓದಬೇಕು. ಷರತ್ತು ಅನ್ಯಾಯವೆನಿಸಿದರೆ ಟೆಂಡರ್ ತೆರೆಯುವ ಮೊದಲೇ ಬರೆದು ಕೇಳಬೇಕು. ಬೊಂಬಾಯಿಯ ಪ್ರಕರಣದಲ್ಲಿ ಆದಂತೆ, ತಡವಾದರೆ ವಾದ ನಮ್ಮದು ಗೆದ್ದರೂ ಕ್ಯಾಂಟೀನು ಬೇರೆಯವರದೇ ಆಗಿರುತ್ತದೆ.